ಒಪ್ಪಿಗೆಯ ಗುಂಡಿ ಮತ್ತು ನೆರೆಯವರ ಗುಟ್ಟು

ಬೆಳಗೊಳದ ಆಸುಪಾಸಿನ ನಮ್ಮ ಹಳ್ಳಿಗಳಲ್ಲಿ ನೆಂಟರಿಷ್ಟರು, ನೆರೆಯವರು ಪಡಸಾಲೆಗೆ ಸಲೀಸಾಗಿ ಬಂದು ಕೂರುತ್ತಾರೆ. ಆದರೆ ಒಳಕೋಣೆಯ ಪೆಟ್ಟಿಗೆಯನ್ನು ಕೇಳದೆ ಯಾರೂ ತೆರೆಯುವುದಿಲ್ಲ. ಎಲ್ಲಿಯವರೆಗೆ ಬರಬಹುದು, ಎಲ್ಲಿ ನಿಲ್ಲಬೇಕು ಎಂಬ ಈ ವಿವೇಕವನ್ನೇ ಇಂದು ಖಾಸಗಿತನ ಎನ್ನುತ್ತೇವೆ.

ಮೊಬೈಲು ಕೈಗೆ ಬಂದೊಡನೆ ಈ ವಿವೇಕ ಮರೆಯಾಗುವುದೇಕೆ? ಹೊಸ ಆ್ಯಪ್ ಒಂದು ನಮ್ಮ ಸಂಪರ್ಕ ಪಟ್ಟಿಯನ್ನು ನೋಡಲು ಅನುಮತಿ ಕೇಳುತ್ತದೆ. ಓದದೆಯೇ ಒಪ್ಪಿಗೆಯ ಗುಂಡಿ ಒತ್ತುತ್ತೇವೆ. 'ನಾನೇನೂ ತಪ್ಪು ಮಾಡಿಲ್ಲ, ನನಗೇಕೆ ಗುಟ್ಟು?' ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಆ ಪಟ್ಟಿಯಲ್ಲಿರುವವರು ನಾವಲ್ಲ. ನಮ್ಮ ಅಕ್ಕತಂಗಿಯರು, ಗೆಳೆಯರು, ನೆರೆಮನೆಯವರು. ನಂಬಿ ಕೊಟ್ಟದ್ದನ್ನು ಅವರನ್ನು ಕೇಳದೆ ಪರರಿಗೆ ದಾಟಿಸಲು ನಮಗೇನು ಹಕ್ಕು?

ಇದು ಬರಿಯ ಶಂಕೆಯಲ್ಲ. ಕೆಲವು ಸಾಲದ ಆ್ಯಪ್‌ಗಳವರು ಇಂಥ ಪಟ್ಟಿಯನ್ನು ಹಿಡಿದು ಸಾಲಗಾರನ ಬಂಧುಮಿತ್ರರಿಗೆ ಕರೆಮಾಡಿ ಅವನ ಮಾನ ಕಳೆದರು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಸಾಲ ನೀಡುವ ಆ್ಯಪ್‌ಗಳು ಸಂಪರ್ಕ ಪಟ್ಟಿಯನ್ನಾಗಲಿ ಕರೆಗಳ ವಿವರವನ್ನಾಗಲಿ ಮುಟ್ಟಕೂಡದೆಂದು ವಿಧಿಸಿತು.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ, ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಧರ್ಮಸಭೆಯ 1983ರ ಕಾನೂನುಸಂಹಿತೆಯ 220ನೆಯ ನಿಯಮವು ಒಬ್ಬರ ಸತ್ಕೀರ್ತಿಯನ್ನೂ ಖಾಸಗಿತನವನ್ನೂ ಜೊತೆಯಾಗಿಯೇ ಕಾಯುತ್ತದೆ. ಒಂದು ಕೆಟ್ಟರೆ ಇನ್ನೊಂದು ಉಳಿಯುವುದು ಕಷ್ಟವೆಂಬುದನ್ನು ಆ ಸಾಲಗಾರನ ಪಾಡು ತೋರಿಸುತ್ತದೆ.

ಎಲ್ಲವನ್ನೂ ನಿರಾಕರಿಸಿ ಇಂದು ಬಾಳಲಾಗದು, ನಿಜ. ದಾರಿ ತೋರುವ ನಕ್ಷೆಗೆ ನಾವಿರುವ ಸ್ಥಳ ತಿಳಿಯಲೇಬೇಕು. ಆದರೆ ಟಾರ್ಚಿನ ಆ್ಯಪ್‌ಗೆ ನಮ್ಮ ಬಂಧುಗಳ ದೂರವಾಣಿ ಸಂಖ್ಯೆಗಳೇಕೆ? ಕೇಳುವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನೇ ಕೊಡುವುದು ವಿವೇಕ.

ಪ್ರಿಯ ಓದುಗರೇ, ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಮೊಬೈಲಿನ ಸೆಟ್ಟಿಂಗ್ಸ್ ತೆರೆಯಿರಿ. ಸಂಪರ್ಕ ಪಟ್ಟಿ, ಚಿತ್ರಗಳು, ಮೈಕು, ಸ್ಥಳ, ಇವುಗಳಲ್ಲಿ ಯಾವುದನ್ನು ಯಾವ ಆ್ಯಪ್‌ಗೆ ಒಪ್ಪಿಸಿದ್ದೇವೆಂದು ನೋಡಿ, ಬೇಡವಾದುದನ್ನು ನಿಲ್ಲಿಸಿರಿ. ಆಸ್ಪತ್ರೆಯಲ್ಲಿರುವ ನೆಂಟರ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಕಳುಹಿಸುವ ಮುನ್ನ ಅವರನ್ನೊಮ್ಮೆ ಕೇಳಿರಿ. ಪರರ ಪೆಟ್ಟಿಗೆಯನ್ನು ಕೇಳದೆ ತೆರೆಯದ ನಮ್ಮ ಹಿರಿಯರ ಮರ್ಯಾದೆಯನ್ನು ಮಕ್ಕಳು ಇದರಿಂದಲೇ ಕಲಿತಾರು.