ಇಂದಿನ ಧಮ್ಮ ಚಿಂತನೆ: ನೆತ್ತರಕ್ಕೆ ಕೈ ಹಚ್ಚುವ ಕೆಲಸ


ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಧಮ್ಮ ಬಂಧುಗಳೇ,

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. "ಸರ, ಡಿಎಂಎಲ್‌ಟಿ ಕಲೀಬೇಕಂತ ಮಾಡೀನ್ರಿ. ಆದ್ರ ನಮ್ಮ ಆಯಿ ಬ್ಯಾಡ ಅಂತಾಳ್ರಿ" ಅಂದಳು. ಆಯಿಯ ಮಾತು ಇಷ್ಟು: "ಸತ್ತ ದನಾ ಎಳದು ಎಳದು ನಮ್ಮ ಹಿರಿಯಾರ ಕೈ ಸವದಾವ. ಸಾಲಿ ಕಲತು ನೀ ಮತ್ತ ನೆತ್ತರಕ್ಕ ಕೈ ಹಚ್ಚತೀ ಏನವ್ವಾ?"

ನಾನೂ ತಟ್ಟನೆ, "ಬ್ಯಾಡ ಬಿಡವ್ವಾ, ಡಿಗ್ರಿ ಮಾಡಿ ಬಿ.ಎಡ್ ಮಾಡು" ಅಂದುಬಿಟ್ಟೆ. ಹುಡುಗಿ ಸುಮ್ಮನೆ ಎದ್ದು ಹೋದಳು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಾನು ಹೇಳಿದ್ದು ಧಮ್ಮವೋ, ನನ್ನೊಳಗೆ ಉಳಿದುಕೊಂಡ ಹಳೆಯ ನಾಚಿಕೆಯೋ?

ಆಯಿಯ ನೋವು ಸುಳ್ಳಲ್ಲ. 1927ರ ಮಹಾಡ್ ಪರಿಷತ್ತಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ಕರೆ ಕೊಟ್ಟದ್ದು ಇಂಥ ಆಯಿಗಳಿಗಾಗಿಯೇ. ಆದರೆ ಆ ಕೆಲಸಕ್ಕೂ ಈ ಕೆಲಸಕ್ಕೂ ಅಂತರವಿದೆ. ಅದು ಹುಟ್ಟಿನಿಂದ ತಲೆಗೆ ಕಟ್ಟಿದ್ದು, ಒಲ್ಲೆ ಎನ್ನುವ ಹಕ್ಕು ಇರಲಿಲ್ಲ. ಇದು ಓದಿ, ಕಲಿತು, ತಾನೇ ಆರಿಸಿಕೊಳ್ಳುವುದು. ಬೇಡವಾದರೆ ಬಿಡಬಹುದು.

ಸಮ್ಯಕ್ ಆಜೀವದಲ್ಲಿ ಭಗವಾನ್ ಬುದ್ಧರು ಉಪಾಸಕರಿಗೆ ಐದು ವ್ಯಾಪಾರ ಬೇಡವೆಂದರು: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ರೋಗಿಯ ರಕ್ತ ತೆಗೆಯುವುದು ಇದರಲ್ಲಿಲ್ಲ. ಸೂಜಿ ಚುಚ್ಚಿದರೆ ನೋವಾಗುತ್ತದೆ, ನಿಜ. ಆದರೆ ಬುದ್ಧರು ಕರ್ಮವನ್ನು ಚೇತನದಲ್ಲಿ, ಅಂದರೆ ಉದ್ದೇಶದಲ್ಲಿ ನೋಡಿದವರು. ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ರೋಗಿ ಭಿಕ್ಖುವನ್ನು ಆನಂದರ ಜೊತೆ ತಾವೇ ತೊಳೆದು ಮಲಗಿಸಿದವರು. ಆ ಕೈ ಮೈಲಿಗೆಯಾಗಲಿಲ್ಲ.

1901ರಲ್ಲಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಕಂಡುಹಿಡಿದರು. ಎ, ಬಿ, ಎಬಿ, ಓ ಎಲ್ಲ ಓಣಿಗಳಲ್ಲೂ ಇವೆ. ನಮ್ಮ ನೆರಳಿಗೆ ಹಿಂದೆ ಸರಿದವರ ಮೊಮ್ಮಕ್ಕಳು ಇಂದು ನಮ್ಮ ಮಗಳ ಮುಂದೆ ತೋಳು ಚಾಚುತ್ತಾರೆ. ಅವಳು ಅದೇ ಮೃದುತನದಿಂದ ಹಿಡಿದರೆ ಅದೇ ಮೈತ್ರಿ.

ಹಾಗೆಂದು ಎಲ್ಲರಿಗೂ ಒಗ್ಗುವ ಕೆಲಸವಲ್ಲ. ಮರುದಿನ ಫೋನ್ ಮಾಡಿ ಹೇಳಿದೆ: "ತಪ್ಪಾತವ್ವಾ. ನನ್ನ ಮಾತು ಬಿಡು, ಇಷ್ಟು ನೀನs ಕೇಳಿಕೋ."

🌷 ರಕ್ತ ಕಂಡರೆ ತಲೆ ತಿರುಗುತ್ತದೆಯೇ? ಎಷ್ಟೋ ಜನರಿಗೆ ರೂಢಿಯಾದಂತೆ ಕಡಿಮೆಯಾಗುತ್ತದೆ. ಆಗದಿದ್ದರೆ ಅವಮಾನವಿಲ್ಲ, ಬೇರೆ ದಾರಿ ಇದೆ.

🌷 ಅಂಜಿ ಅಳುವ ಮಗು, ನರ ಸಿಗದ ಮುದುಕಿ, ಬೈಯುವ ರೋಗಿ, ಇವರ ಮುಂದೆ ತಾಳ್ಮೆ ಇದ್ದೀತೇ?

🌷 ಸ್ಮೃತಿ ಇದೆಯೇ? ರೋಗಿಯ ಹೆಸರು ಕೇಳಿ, ಅಲ್ಲೇ ಟ್ಯೂಬಿನ ಮೇಲೆ ಬರೆಯಬೇಕು. ಹೆಸರು ಅದಲುಬದಲಾದರೆ ಒಬ್ಬರ ರೋಗಕ್ಕೆ ಇನ್ನೊಬ್ಬರು ಔಷಧ ನುಂಗುತ್ತಾರೆ. ಪರೀಕ್ಷೆ ಮಾಡದೆ ರಿಪೋರ್ಟ್ ಬರೆದರೆ ನಾಲ್ಕನೆಯ ಶೀಲ ಮುರಿದಂತೆ.

🌷 ನಿನ್ನ ಮೇಲೂ ಕರುಣೆ ಇರಲಿ. ಹೆಪಟೈಟಿಸ್ ಬಿ ಲಸಿಕೆ, ಕೈಗೆ ಗ್ಲೌಸ್ ಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಗ್ಲೌಸ್ ಕೊಡದ ಕಡೆ ಕೇಳುವ ಧೈರ್ಯವೂ ಬೇಕು.

ಬರುವ ರವಿವಾರ ಆಯಿಯನ್ನು ಕಾಣಲು ಹೋಗುತ್ತಿದ್ದೇನೆ. ಒಪ್ಪಿಸಲಿಕ್ಕಲ್ಲ, ಮೊದಲು ಅವಳ ಮಾತು ಪೂರ್ತಿ ಕೇಳಲಿಕ್ಕೆ. ನಿರ್ಧಾರ ಹುಡುಗಿಯದು.

ಇಂದು ನಾವೂ ಕೇಳಿಕೊಳ್ಳೋಣ: ಮಕ್ಕಳಿಗೆ ಬೇಡ ಎನ್ನುವಾಗ ಮಾತಾಡುವುದು ನಮ್ಮ ವಿವೇಕವೋ, ನಮಗಾದ ಗಾಯವೋ?

ಭವತು ಸಬ್ಬ ಮಂಗಲಂ. ಜೈಭೀಮ್ 🙏