ಕವಡೆಯ ಮೂರು ಅಂಕಿ

ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರಿದ ಮಣಿಪಾಲದ ಹುಡುಗ ಹುಡುಗಿಯರಿಗೆ ಒಂದಲ್ಲ ಒಂದು ದಿನ ಸುಳ್ಳು ಗಿರಾಕಿಗಳನ್ನು ಹುಟ್ಟಿಸುವ ಕೆಲಸ ಬೀಳುತ್ತದೆ. ಬ್ಯಾಂಕಿನದೋ ಆಸ್ಪತ್ರೆಯದೋ ಫಾರ್ಮ್ ಒಂದನ್ನು ಪರೀಕ್ಷಿಸಲು ಸಾವಿರಾರು ಹೆಸರು, ವಿಳಾಸ, ನಂಬರುಗಳು ಬೇಕು. ನಿಜವಾದ ಜನರ ವಿವರ ಬಳಸುವಂತಿಲ್ಲ. ಹಾಗಾಗಿ ಕಂಪ್ಯೂಟರಿಗೆ ರ‍್ಯಾಂಡಮ್ ಆಗಿ ತಯಾರಿಸು ಎಂದು ಹೇಳುತ್ತಾರೆ. ಕಂಪ್ಯೂಟರ್ ಒಂದು ಕ್ಷಣದಲ್ಲಿ ತಯಾರಿಸಿ ಕೊಡುತ್ತದೆ: ಊರು ಕಾರ್ಕಳ, ಪಿನ್‌ಕೋಡ್ ದೆಹಲಿಯದು, ಕಾರಿನ ನಂಬರು ಕೇರಳದ್ದು. ಪ್ರತಿಯೊಂದು ತುಂಡೂ ಬಿಡಿಯಾಗಿ ಸರಿ. ಒಟ್ಟಿಗೆ ನೋಡಿದರೆ ಅಂಥ ಮನುಷ್ಯ ಲೋಕದಲ್ಲಿ ಸಿಗುವುದು ಕಷ್ಟ.

ತುಂಡುಗಳು ಒಂದಕ್ಕೊಂದು ಅಂಟಿಕೊಂಡಿವೆ, ತೊಂದರೆ ಅದೇ. ಜಿಎಸ್‌ಟಿ ನಂಬರನ್ನೇ ನೋಡಿ: 15 ಅಕ್ಷರ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಆ ವ್ಯಾಪಾರಿಯ ಪ್ಯಾನ್ ನಂಬರು. ಆ ಪ್ಯಾನ್‌ನ ಒಳಗೂ ಕಟ್ಟುಪಾಡು ಇದೆ: ವ್ಯಕ್ತಿಯಾದರೆ ನಾಲ್ಕನೆಯ ಅಕ್ಷರ ‘ಪಿ’, ಐದನೆಯದು ಮನೆತನದ ಹೆಸರಿನ ಮೊದಲಕ್ಷರ, ಶೆಟ್ಟರಾದರೆ ‘ಎಸ್’, ಭಟ್ಟರಾದರೆ ‘ಬಿ’. ಜಿಎಸ್‌ಟಿ ನಂಬರಿನ ಕಟ್ಟಕಡೆಯ ಅಕ್ಷರವನ್ನು ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ತೆಗೆಯಬೇಕು. ಅದಕ್ಕೆ ಸ್ವಂತದ್ದು ಎನ್ನುವುದು ಏನೂ ಇಲ್ಲ.

ಈ ಅಂಟಿನಲ್ಲಿ ಇತಿಹಾಸವೂ ಸೇರಿಕೊಂಡಿರುತ್ತದೆ. ಉಡುಪಿ 576101, ಮಣಿಪಾಲ 576104. ಇಷ್ಟು ನೋಡಿ ‘ಉಡುಪಿ ಜಿಲ್ಲೆಯೆಂದರೆ 576’ ಎಂದು ಕೋಡ್ ಬರೆದವರು ಕಾರ್ಕಳದಲ್ಲಿ ಎಡವುತ್ತಾರೆ: ಅದು 574104. ಕಾಪು 574106. ಪಿನ್‌ಕೋಡ್ ಬಂದದ್ದು 1972ರಲ್ಲಿ, ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ದಕ್ಷಿಣ ಕನ್ನಡ ಎರಡಾದರೂ ಅಂಚೆಯವರ ಅಂಕಿ ಕದಲಲಿಲ್ಲ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಿನ ಕತೆ ಇದಕ್ಕೆ ತಿರುವುಮುರುವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಮರುವರ್ಷ ಅದರ ಕೋಡಿನ ಮೊದಲ ನಾಲ್ಕು ಅಕ್ಷರಗಳೂ ಸತ್ತವು. ಒಂದು ಕಡೆ ಜಿಲ್ಲೆ ಒಡೆದರೂ ಅಂಕಿ ಉಳಿಯಿತು, ಇನ್ನೊಂದು ಕಡೆ ಶಾಖೆ ಇದ್ದಲ್ಲೇ ಇದ್ದು ಅಕ್ಷರ ಹೋಯಿತು.

ಅನುಭವ ಇದ್ದವರು ಇದಕ್ಕೆ ಕಂಡುಕೊಂಡ ಉಪಾಯ ಸರಳ. ಯಾವುದು ಬೇರೆ ಯಾವುದಕ್ಕೂ ಅಧೀನವಲ್ಲವೋ ಅದನ್ನು ಮೊದಲು ಆರಿಸು, ಅಧೀನವಾದವನ್ನು ಅದರಿಂದ ಇಳಿಸು. ಮೊದಲು ಊರು, ಆಮೇಲೆ ಪಿನ್‌ಕೋಡ್. ಮೊದಲು ಮನೆತನ, ಆಮೇಲೆ ಪ್ಯಾನ್‌ನ ಐದನೆಯ ಅಕ್ಷರ.

ಉಡುಪಿಯವರಿಗೆ ಇದು ಹೊಸ ಪಾಠವಲ್ಲ. ಹದಿಮೂರನೆಯ ಶತಮಾನದಲ್ಲಿ ಪಕ್ಕದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ‘ತತ್ತ್ವಸಂಖ್ಯಾನ’ ಎಂಬ ಪುಟ್ಟ ಗ್ರಂಥ ಬರೆದರು, ಹನ್ನೊಂದೇ ಶ್ಲೋಕ. ಇರುವುದನ್ನೆಲ್ಲ ಎಣಿಸಿ ಪಟ್ಟಿ ಮಾಡುವ ಆ ಗ್ರಂಥ ಜಡ–ಚೇತನ ಎಂದೋ ಸತ್ಯ–ಮಿಥ್ಯ ಎಂದೋ ಶುರುವಾಗುವುದಿಲ್ಲ. ಮೊದಲ ಕವಲೇ ಸ್ವತಂತ್ರ ಮತ್ತು ಅಸ್ವತಂತ್ರ. ಸ್ವತಂತ್ರನಾದವನು ವಿಷ್ಣು ಒಬ್ಬನೇ. ಜೀವರು, ಜಡ, ಕಾಲ, ಕರ್ಮ ಎಲ್ಲವೂ ಎರಡನೆಯ ಮನೆಯಲ್ಲಿ. ಹಾಗೆಂದು ಎರಡನೆಯ ಮನೆಯವು ಸುಳ್ಳಲ್ಲ. ಅವು ನಿಜ, ಆದರೆ ತಮ್ಮ ಕಾಲ ಮೇಲೆ ನಿಂತವಲ್ಲ. ಇದು ಮಧ್ವರ ಹಟ.

ಆ ಹಟವನ್ನು ಕ್ಯಾಲೆಂಡರಿನಲ್ಲಿ ಕಾಣಬೇಕಾದರೆ ಶ್ರೀಕೃಷ್ಣ ಮಠದ ಪರ್ಯಾಯ ನೋಡಬೇಕು. ಎರಡು ತಿಂಗಳಿಗೊಮ್ಮೆ ಕೈ ಬದಲಾಗುತ್ತಿದ್ದ ಪೂಜೆಯ ಸರದಿಯನ್ನು ವಾದಿರಾಜರು ಎರಡು ವರ್ಷಕ್ಕೆ ಏರಿಸಿದ್ದು 1522ರಲ್ಲಿ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ: ಎಂಟು ಮಠಕ್ಕೆ ಹದಿನಾರು ವರ್ಷದ ಸುತ್ತು. 1522ರಿಂದ 2018ಕ್ಕೆ 496 ವರ್ಷ, ಅಂದರೆ ಸರಿಯಾಗಿ 31 ಸುತ್ತು. 2018ರಲ್ಲಿ ಪಲಿಮಾರಿಗೇ ಮತ್ತೆ ಸರದಿ ಬಂತು. 2024 ಪುತ್ತಿಗೆ, 2026 ಶೀರೂರು. ಇಸವಿ ಹೇಳಿದರೆ ಮಠ ಯಾವುದೆಂದು ರಥಬೀದಿಯ ಹೂವಿನವರೂ ಬೆರಳು ಮಡಚಿ ಹೇಳಿಯಾರು. ತಿರುಗಿಸಿ ಕೇಳಿದರೆ ಮಾತ್ರ ಉತ್ತರ ಒಂದೇ ಆಗುವುದಿಲ್ಲ: ಪುತ್ತಿಗೆ ಪರ್ಯಾಯ ಎಂದರೆ 2024 ಇರಬಹುದು, 2008 ಇರಬಹುದು, 1992 ಇರಬಹುದು. ಅವಲಂಬನೆ ಒಂದು ದಿಕ್ಕಿನಲ್ಲಿ ಹರಿಯುತ್ತದೆ. ಪೀಠದಲ್ಲಿ ಕೂರುವ ಯತಿಗಳು ಬದಲಾಗಬಹುದು, ಸರದಿ ಬದಲಾಗದು.

ಇಷ್ಟು ಬಿಗಿಯಾದ ಲೋಕದಲ್ಲಿ ಆಕಸ್ಮಿಕಕ್ಕೆ ಜಾಗ ಇದೆಯೇ? ಪ್ರಶ್ನೆ ಹಳೆಯದು. ಜಗತ್ತಿಗೆ ಕಾರಣ ಕಾಲವೋ, ಸ್ವಭಾವವೋ, ನಿಯತಿಯೋ, ಯದೃಚ್ಛೆಯೋ ಎಂದು ಶ್ವೇತಾಶ್ವತರ ಉಪನಿಷತ್ತು ಆರಂಭದಲ್ಲೇ ಕೇಳುತ್ತದೆ. ಮಧ್ವರ ದಾರಿಯಲ್ಲಿ ಯದೃಚ್ಛೆಗೆ ಸ್ವತಂತ್ರ ಕುರ್ಚಿ ಸಿಗುವುದಿಲ್ಲ. ಆದರೆ ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಅವರು ಹೇಳಲಿಲ್ಲ. ಹಾಗೆ ಹೇಳಿದರೆ ‘ಇದು ಮಾಡು, ಅದು ಬಿಡು’ ಎನ್ನುವ ಶಾಸ್ತ್ರವೇ ವ್ಯರ್ಥವಾಗುತ್ತದೆ. ಜೀವ ಮಾಡುವವನು ಹೌದು, ಆ ಮಾಡುವ ಶಕ್ತಿ ಮಾತ್ರ ಭಗವಂತನ ಅಧೀನ. ಪ್ರತಿ ಜೀವನ ಯೋಗ್ಯತೆ ಅನಾದಿ. ದೇವರು ಒಂದು ದಿನ ಕುಳಿತು ಹಂಚಿದ್ದಲ್ಲ. ಒಪ್ಪಿಕೊಳ್ಳಲು ಇದು ಕಠಿಣ ಸಿದ್ಧಾಂತ. ಹುಟ್ಟಿನ ಮೊದಲೇ ಎತ್ತರ ತಗ್ಗು ಇದೆಯೆಂಬ ಮಾತು ಇಂದಿನ ಕಿವಿಗೆ ಚುಚ್ಚುತ್ತದೆ, ಚುಚ್ಚಬೇಕಾದದ್ದೇ. ಆದರೂ ಅದರ ತರ್ಕದಲ್ಲಿ ಒಂದು ಎಚ್ಚರ ಇದೆ: ಅಧೀನವಾಗಿರುವುದು ಬೇರೆ, ಕರ್ತೃವೇ ಅಲ್ಲದಿರುವುದು ಬೇರೆ.

ಕಂಪ್ಯೂಟರಿನ ರ‍್ಯಾಂಡಮ್ ಇದಕ್ಕಿಂತಲೂ ಬಿಗಿ. ಪೈಥಾನ್ ಭಾಷೆ ಬಳಸುವ ಸೂತ್ರವನ್ನು ಜಪಾನಿನ ಮಾತ್ಸುಮೊತೊ ಮತ್ತು ನಿಶಿಮುರಾ 1998ರಲ್ಲಿ ಪ್ರಕಟಿಸಿದರು. ಅದರ ಸಾಲು ಮೊದಲಿಗೆ ಮರಳುವುದು ಎಷ್ಟು ಹೆಜ್ಜೆಯ ನಂತರ ಎಂದರೆ, ಆ ಸಂಖ್ಯೆಯನ್ನು ಬರೆಯಲು 6,002 ಅಂಕಿ ಬೇಕು. ಆದರೆ ‘ಸೀಡ್’ ಎನ್ನುವ ಆರಂಭದ ಅಂಕಿ ಒಂದೇ ಆದರೆ ಮಣಿಪಾಲದಲ್ಲಿ ಬಂದ ಸಾಲೇ ಮೈಸೂರಿನಲ್ಲೂ ಬರುತ್ತದೆ, ಇವತ್ತು ಬಂದದ್ದೇ ಹತ್ತು ವರ್ಷ ಕಳೆದು ಬರುತ್ತದೆ. ಲೆಕ್ಕದ ಸೂತ್ರದಿಂದ ಆಕಸ್ಮಿಕವನ್ನು ಹುಟ್ಟಿಸಲು ಹೊರಟವನು ಪಾಪಿ ಎಂಬ ಅರ್ಥದಲ್ಲಿ ಗಣಿತಜ್ಞ ಫಾನ್ ನಾಯ್ಮನ್ 1951ರಲ್ಲೇ ತಮಾಷೆ ಮಾಡಿದ್ದರು. ಆ ಪಾಪವನ್ನು ಸ್ವತಃ ಮಾಡಿದವರ ಮಾತು ಅದು.

ಉಡುಪಿಯಿಂದ ಕಾರ್ಕಳಕ್ಕೆ ಹೋದರೆ ಇದೇ ಪ್ರಶ್ನೆಗೆ ಬೇರೆ ಮನೆಯ ಉತ್ತರ ಸಿಗುತ್ತದೆ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಊರು. ಅದರ ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ: ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ಎಂಬ ಅದೇ ಮೂವರು ತೀರ್ಥಂಕರರು. ಜೈನರ ಸ್ಯಾದ್ವಾದವೂ ಮೂರರಿಂದಲೇ ಹೊರಡುತ್ತದೆ: ಇದೆ, ಇಲ್ಲ, ಹೇಳಲಾಗದು. ಒಂದೊಂದಾಗಿ ಮೂರು, ಎರಡೆರಡು ಜೋಡಿಸಿದರೆ ಮೂರು, ಮೂರನ್ನೂ ಕೂಡಿಸಿದರೆ ಒಂದು, ಒಟ್ಟು ಏಳು. ಎಂಟನೆಯದು ಹುಟ್ಟುವುದಿಲ್ಲ. ಸಪ್ತಭಂಗಿಯ ಏಳು ಯಾವ ಋಷಿಯ ಇಷ್ಟವೂ ಅಲ್ಲ, ಜೋಡಣೆಯ ಲೆಕ್ಕವೇ ಅಷ್ಟು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪಿ. ಸಿ. ಮಹಲನೋಬಿಸ್ 1954ರಲ್ಲಿ ಸಂಖ್ಯಾಶಾಸ್ತ್ರದ ಬುನಾದಿಯ ಬಗ್ಗೆ ಬರೆಯುವಾಗ ಈ ಏಳನ್ನೇ ಎತ್ತಿಕೊಂಡರು. 1957ರಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಕೂಡ ಇದರ ಮೇಲೆ ಬರೆದರು. ಸ್ಯಾದ್ವಾದವೇ ಸಂಭವನೀಯತೆಯ ಗಣಿತ ಎಂದು ಬೀಗುವವರಿದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಯಾವ ಬಾಗಿಲಲ್ಲಿ ನಿಂತು ಹೇಳುತ್ತಿದ್ದೇನೆ ಎಂಬುದನ್ನು ಮಾತಿನ ಜೊತೆಗೇ ಹೇಳಬೇಕೆನ್ನುವ ಶಿಸ್ತು ಅದು, ಪಣಕಟ್ಟುವ ಲೆಕ್ಕವಲ್ಲ.

ನಂಬಿಕೆಯೂ ಆಕಸ್ಮಿಕವೂ ಒಂದೇ ಚಾಪೆಯ ಮೇಲೆ ಕೂರುವ ಜಾಗವೊಂದು ಈ ನಾಡಿನಲ್ಲಿ ಇದೆ. ಉಡುಪಿ, ಕಾಪು, ಕಾರ್ಕಳದ ಕಡೆ ದೇವಸ್ಥಾನವೋ ದೈವಸ್ಥಾನವೋ ಜೀರ್ಣೋದ್ಧಾರ ಆಗಬೇಕೆಂದರೆ ಶಿಲ್ಪಿಗಿಂತ ಮೊದಲು ದೈವಜ್ಞರಿಗೆ ಕರೆ ಹೋಗುತ್ತದೆ. ಅಷ್ಟಮಂಗಲ ಪ್ರಶ್ನೆ ಇಡಿಸುತ್ತಾರೆ. ಹದಿನೇಳನೆಯ ಶತಮಾನದ ಕೇರಳದ ‘ಪ್ರಶ್ನಮಾರ್ಗ’ ಇದಕ್ಕೆ ಮುಖ್ಯ ಆಧಾರ. ಅದರ ಕ್ರಮದಲ್ಲಿ 108 ಕವಡೆಗಳಿಗೆ ಪೂಜೆಯಾಗುತ್ತದೆ. ದೈವಜ್ಞರು ಪ್ರಾರ್ಥಿಸಿ, ಎಣಿಸದೆ, ಅವನ್ನು ಎಡ, ನಡು, ಬಲ ಎಂದು ಮೂರು ಪಾಲು ಮಾಡುತ್ತಾರೆ. ಪ್ರತಿ ಪಾಲಿನಿಂದ ಎಂಟೆಂಟು ತೆಗೆಯುತ್ತಾ ಹೋಗಿ ಉಳಿದದ್ದನ್ನು ಹಿಡಿಯುತ್ತಾರೆ. ಏನೂ ಉಳಿಯದಿದ್ದರೆ ಎಂಟು. ಹೀಗೆ ಮೂರು ಅಂಕಿ ಬರುತ್ತದೆ: ಎಡದ್ದು ಭೂತ, ನಡುವಿನದು ವರ್ತಮಾನ, ಬಲದ್ದು ಭವಿಷ್ಯ. ಅಂಕಿಗೊಂದು ಯೋನಿ: ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ವಾಯಸ. ಮನೆ ಕಟ್ಟಲು ಆಯ ನೋಡುವವರಿಗೂ ಗೊತ್ತಿರುವ ಹಾಗೆ ಧ್ವಜ, ಸಿಂಹ, ವೃಷಭ, ಗಜ ಶುಭ. ಅಂದರೆ 1, 3, 5, 7. ಬೆಸ ಒಳ್ಳೆಯದು, ಸಮ ಒಳ್ಳೆಯದಲ್ಲ.

ಮೂರು ಜಾಗ, ಒಂದೊಂದರಲ್ಲಿ ಒಂದರಿಂದ ಎಂಟು. ಹಾಗಾದರೆ 512 ಬಗೆಯ ಉತ್ತರ ಬರಬಹುದು ಎಂದು ಯಾರಿಗಾದರೂ ಅನ್ನಿಸುತ್ತದೆ. ಬರುವುದಿಲ್ಲ. ಮೂರು ಪಾಲೂ ಸೇರಿ 108 ಆಗಲೇಬೇಕು, 108ರಿಂದ ಎಂಟೆಂಟು ತೆಗೆದರೆ ಉಳಿಯುವುದು 4. ಆದ್ದರಿಂದ ಮೂರು ಅಂಕಿಗಳ ಮೊತ್ತ 4, 12 ಅಥವಾ 20 ಮಾತ್ರ ಆಗಬಹುದು. ಎಡದಲ್ಲಿ 3, ನಡುವಿನಲ್ಲಿ 6 ಬಂತೆನ್ನಿ: ಬಲದ ರಾಶಿಯನ್ನು ಮುಟ್ಟುವ ಮೊದಲೇ ಅಲ್ಲಿ 3 ಎಂದು ಬರೆದಿಡಬಹುದು. ಎರಡು ಅಂಕಿ ತಿಳಿದರೆ ಮೂರನೆಯದು ನಿಶ್ಚಿತ. ಸಾಧ್ಯವಿರುವ ಉತ್ತರ 512 ಅಲ್ಲ, 64. ಭೂತ ವರ್ತಮಾನ ಗೊತ್ತಾದರೆ ಭವಿಷ್ಯ ಗೊತ್ತಾಯಿತು ಎಂದು ತತ್ತ್ವಶಾಸ್ತ್ರದವರು ಶತಮಾನಗಟ್ಟಲೆ ಜಗಳಾಡಿದ ಮಾತು ಇಲ್ಲಿ ಬರಿಯ ಕೂಡು–ಕಳೆ ಲೆಕ್ಕವಾಗಿ ಕುಳಿತಿದೆ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ ವಿಷಯ ಇನ್ನೂ ಸ್ವಾರಸ್ಯ. 4, 12, 20 ಮೂರೂ ಸಮಸಂಖ್ಯೆ. ಮೂರು ಬೆಸ ಅಂಕಿ ಕೂಡಿದರೆ ಸಮ ಬರುವುದು ಅಸಾಧ್ಯ. ಹಾಗಾಗಿ ಮೂರೂ ಕಾಲ ಶುಭ ಎನ್ನುವ ಉತ್ತರ ಈ ಕವಡೆಗಳಲ್ಲಿ ಹುಟ್ಟುವುದೇ ಇಲ್ಲ, ಯಾರ ಕೈಯಲ್ಲೂ, ಯಾವ ಮುಹೂರ್ತದಲ್ಲೂ. ಅರವತ್ತನಾಲ್ಕರಲ್ಲಿ 48 ಉತ್ತರಗಳಲ್ಲಿ ಎರಡು ಶುಭ, ಒಂದು ಅಶುಭ. ಉಳಿದ 16ರಲ್ಲಿ ಮೂರೂ ಅಶುಭ. ‘ಹಿಂದೆ ಎಲ್ಲೋ ಒಂದು ದೋಷ ಇದೆ’ ಎಂದು ಕೇಳಿದ ಜೀರ್ಣೋದ್ಧಾರ ಸಮಿತಿಯವರು ಮುಖ ಮುಖ ನೋಡಿಕೊಳ್ಳುವುದುಂಟು. ಒಂದಾದರೂ ದೋಷ ಕಾಣದೆ ಎದ್ದು ಹೋಗುವ ಅವಕಾಶವನ್ನು ಆ ಲೆಕ್ಕವೇ ಕೊಟ್ಟಿಲ್ಲ.

ಇಷ್ಟು ಹೇಳಿ ‘ನೋಡಿ, ಎಲ್ಲ ಬೂಟಾಟಿಕೆ’ ಎಂದು ಎದ್ದು ನಿಲ್ಲುವುದು ಸುಲಭ. ಅದು ಅವಸರದ ತೀರ್ಪು. ದೈವಜ್ಞರು ಮೂರು ಅಂಕಿಯ ಮೇಲಷ್ಟೇ ಫಲ ಹೇಳುವುದಿಲ್ಲ. ಆರೂಢ ರಾಶಿ, ಗ್ರಹಸ್ಥಿತಿ, ಆ ಹೊತ್ತಿನ ನಿಮಿತ್ತ, ಊರಿನ ಹಿರಿಯರ ನೆನಪು ಎಲ್ಲವನ್ನೂ ತೂಗುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಬೇರೆ. ಅರವತ್ತನಾಲ್ಕರಲ್ಲಿ ಯಾವುದು ಬೀಳುತ್ತದೆ ಎನ್ನುವುದು ಕೈ ಇಳಿಯುವ ತನಕ ಯಾರಿಗೂ ಗೊತ್ತಿಲ್ಲ. ಅಲ್ಲಿ ದೈವ ಕೆಲಸ ಮಾಡಿತು ಎಂದು ಭಕ್ತರು ನಂಬಬಹುದು, ಬರಿಯ ಆಕಸ್ಮಿಕ ಎಂದು ವಿಚಾರವಾದಿ ಹೇಳಬಹುದು. ಗಣಿತ ಇಬ್ಬರ ನಡುವೆ ತೀರ್ಪು ಕೊಡುವುದಿಲ್ಲ. ಅದು ಬೇಲಿ ಎಲ್ಲಿದೆ ಎಂದಷ್ಟೇ ತೋರಿಸುತ್ತದೆ. ಬೇಲಿ ಇದ್ದ ಮಾತ್ರಕ್ಕೆ ಒಳಗಿನ ನಡೆ ಗೊತ್ತುಮಾಡಿದ್ದು ಎಂದಾಗುವುದಿಲ್ಲ. ಜೀವ ಪರಾಧೀನ, ಆದರೂ ಕರ್ತೃ ಎಂದ ಮಧ್ವರ ಮಾತನ್ನು ಎಷ್ಟೋ ಜನ ವಿರೋಧಾಭಾಸವೆಂದು ತಳ್ಳಿಹಾಕಿದ್ದಾರೆ. ಕವಡೆಯ ಲೆಕ್ಕ ಅದನ್ನು ಸಾಧಿಸಿ ಕೊಡುವುದಿಲ್ಲ, ಆದರೆ ಅಧೀನತೆಯೂ ತೆರವೂ ಒಂದೇ ಜಾಗದಲ್ಲಿ ಇರಬಲ್ಲವು ಎನ್ನುವುದಕ್ಕೆ ಕಣ್ಣೆದುರಿನ ನಿದರ್ಶನ.

ಒಂದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಪರ್ಯಾಯದಲ್ಲಿ ಇಸವಿ ಮೇಲೆ, ಮಠ ಅದರ ಅಧೀನ. ಕವಡೆಯಲ್ಲಿ ಯಾವ ರಾಶಿಯೂ ಮೇಲಲ್ಲ. ಭವಿಷ್ಯವನ್ನು ಮೊದಲು ಎಣಿಸಿದರೆ, ವರ್ತಮಾನದ ಜೊತೆ ಸೇರಿ ಅದೇ ಭೂತವನ್ನು ಕಟ್ಟಿಹಾಕುತ್ತದೆ. ಮೂರೂ ಒಂದಕ್ಕೊಂದು ಕಟ್ಟುಬಿದ್ದಿವೆ, ಮೂರನ್ನೂ ಕಟ್ಟಿರುವುದು 108 ಎನ್ನುವ ಮೊತ್ತ.

ಮುಂದೆ ಊರಿನಲ್ಲಿ ಪ್ರಶ್ನೆ ಇಟ್ಟಾಗ ಓದುಗರು ಇದನ್ನು ಪರೀಕ್ಷಿಸಬಹುದು. ಬಂದ ಮೂರು ಅಂಕಿಗಳನ್ನು ಕೂಡಿಸಿ. 4, 12 ಅಥವಾ 20 ಆಗದಿದ್ದರೆ ಎಣಿಕೆ ಎಲ್ಲೋ ತಪ್ಪಿದೆ, ಇಲ್ಲವೇ ಅಲ್ಲಿರುವ ಕವಡೆ 108 ಅಲ್ಲ.