ವಾಯಿದೆ ಎಂಬ ಮಾತು

ಉರ್ದುವಿನಲ್ಲಿ ‘ವಾದಾ’ ಎಂದರೆ ಕೊಟ್ಟ ಮಾತು. ಅದೇ ಪದ ಕನ್ನಡಕ್ಕೆ ಬಂದು ‘ವಾಯಿದೆ’ಯಾದಾಗ ಗಡುವು ಎಂಬ ಅರ್ಥ ಪಡೆಯಿತು. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನಮಗೆ ಈ ಎರಡು ಅರ್ಥಗಳ ನಂಟು ಹೊಳೆದದ್ದು ತೀರಾ ತಡವಾಗಿ, ಅದೂ ಒಂದು ತಂತ್ರಾಂಶದ ದೆಸೆಯಿಂದ.

2025ರ ಮೇ 5ರಂದು ಸ್ಕೈಪ್ ಮುಚ್ಚಿತು. 2003ರಲ್ಲಿ ಆರಂಭವಾಗಿ, ಕಡಲಾಚೆಗೆ ದುಡಿಯಲು ಹೋದ ಮಕ್ಕಳ ದನಿಯನ್ನೂ ಮುಂದೆ ಮುಖವನ್ನೂ ಮನೆಗೆ ತಲುಪಿಸಿದ ಸೇವೆ ಅದು. 2011ರಲ್ಲಿ ಮೈಕ್ರೋಸಾಫ್ಟ್ ಅದನ್ನು 850 ಕೋಟಿ ಡಾಲರಿಗೆ ಕೊಂಡಿತ್ತು. ಮುಚ್ಚುವ ಸುದ್ದಿ ಹೊರಬಿದ್ದದ್ದು ಫೆಬ್ರವರಿ 28ರಂದು. ಬೇಕಾದವರು ಹಳೆಯ ಖಾತೆಯಿಂದಲೇ ಟೀಮ್ಸ್‌ಗೆ ಹೋಗಬಹುದು, ಇಲ್ಲವೇ ತಮ್ಮ ಸಂದೇಶಗಳನ್ನು ಇಳಿಸಿಕೊಳ್ಳಬಹುದು ಎಂದರು. ಇಷ್ಟು ವರ್ಷದ ಒಡನಾಟಕ್ಕೆ ಬರೀ ಒಂಬತ್ತು ವಾರವೇ ಎಂದು ನಾವು ಗೆಳೆಯರೆಲ್ಲ ಸೇರಿ ಬೈದೆವು. ಬೈಗುಳ ಮುಗಿಯುವ ಮೊದಲೇ ನಮ್ಮಲ್ಲೊಬ್ಬಾಕೆ ಮೆಲ್ಲಗೆ ಕೇಳಿದಳು: ‘ನಾವು ಎಷ್ಟು ವಾರ ಕೊಟ್ಟಿದ್ದೆವು?’

ಯಾರೂ ಉತ್ತರಿಸಲಿಲ್ಲ.

2020ರ ಲಾಕ್‌ಡೌನಿನಲ್ಲಿ ಕಥೆ, ಕವಿತೆ ಓದುವ ಭಾನುವಾರದ ಕೂಟವೊಂದನ್ನು ನಾವು ನಡೆಸುತ್ತಿದ್ದೆವು. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಬಾಡಿಗೆಯ ಸರ್ವರಿನಲ್ಲಿ ಬಿಗ್‌ಬ್ಲೂಬಟನ್ ಹಾಕಿಕೊಟ್ಟ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮುಕ್ತ ತಂತ್ರಾಂಶವಿದು. ಯಾರು ಬೇಕಾದರೂ ತಮ್ಮದೇ ಸರ್ವರಿನಲ್ಲಿ ನಡೆಸಬಹುದು. ಇದು ನಮ್ಮದೇ ಮನೆ, ಬೇರೆಯವರು ಬೀಗ ಹಾಕಲಾರರು ಎಂದು ನಾವು ಬೀಗಿದ್ದೇ ಬೀಗಿದ್ದು.

ಸ್ವಂತ ಮನೆಗೂ ರಿಪೇರಿ ಬೇಕಲ್ಲ! ನಮ್ಮದು 2.2ನೇ ಆವೃತ್ತಿ, ಅದು ನಿಂತದ್ದು ಉಬುಂಟು 16.04ರ ಮೇಲೆ. ಆ ತಳಪಾಯಕ್ಕಿದ್ದ ಐದು ವರ್ಷದ ಸಾಮಾನ್ಯ ಬೆಂಬಲ 2021ರ ಏಪ್ರಿಲ್‌ನಲ್ಲಿ ಮುಗಿಯಿತು. ದಿನಾಂಕವನ್ನೇನೂ ಮುಚ್ಚಿಟ್ಟಿರಲಿಲ್ಲ, ನಾವು ನೋಡಲಿಲ್ಲ, ಅಷ್ಟೇ. ಬೆಂಬಲ ಮುಗಿದ ರಾತ್ರಿಯೇ ತಂತ್ರಾಂಶವೇನೂ ನಿಂತುಬಿಡುವುದಿಲ್ಲ. ಎಂದಿನಂತೆ ಓಡುತ್ತದೆ. ಹೊಸದಾಗಿ ಕಂಡ ಬಿರುಕುಗಳನ್ನು ಮುಚ್ಚುವವರು ಮಾತ್ರ ಇರುವುದಿಲ್ಲ. ಓಡುತ್ತಿದೆಯಲ್ಲ ಎಂಬ ಆ ಸಮಾಧಾನವೇ ಮೋಸ. ಹೊಸ ಸರ್ವರ್ ಹಿಡಿದು, ಮುಂದಿನ ಆವೃತ್ತಿ ಹಾಕಿ, ಧ್ವನಿಮುದ್ರಿಕೆಗಳನ್ನು ಅಲ್ಲಿಗೆ ಸಾಗಿಸಿ, ಕೆಲವು ವಾರ ಹಳೆಯದನ್ನೂ ಜೊತೆಗೆ ನಡೆಸಿ ಆಮೇಲೆ ಮುಚ್ಚಬೇಕಿತ್ತು. ಹುಡುಗ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ. ನಮ್ಮ ಉತ್ಸಾಹವೂ ಇಳಿದಿತ್ತು. ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದೆವು. ಯಾರಿಗೂ ಹೇಳಲಿಲ್ಲ.

ಹಾಸಿಗೆ ಹಿಡಿದಿದ್ದ ನಿವೃತ್ತ ಉರ್ದು ಮಾಸ್ಟರ್ ಸಾಹೇಬರೊಬ್ಬರು ಜೀವಮಾನದಲ್ಲಿ ಮೊದಲ ಸಲ ತಮ್ಮ ಗಜಲ್‌ಗಳನ್ನು ನಾಲ್ಕು ಜನರೆದುರು ಓದಿದ್ದು ಆ ಕೂಟದಲ್ಲಿ. ಕೂಟ ನಿಂತ ಮೇಲೂ ಎರಡು ಭಾನುವಾರ ಅವರು ಹಳೆಯ ಕೊಂಡಿಯನ್ನು ಒತ್ತಿ ಕಾದರಂತೆ. ತಮ್ಮ ಮೊಬೈಲೇ ಕೆಟ್ಟಿರಬೇಕೆಂದು ಅಂಗಡಿಗೂ ಕಳಿಸಿದರಂತೆ. ಮರುವರ್ಷ ಅವರು ತೀರಿಕೊಂಡಾಗ ಮಗಳು ಫೋನ್ ಮಾಡಿದಳು: ‘ಭಾಯಿಜಾನ್, ಅಬ್ಬಾ ಓದಿದ್ದು ನಿಮ್ಮಲ್ಲಿ ಇರಬೇಕಲ್ಲ?’ ಸರ್ವರಿನ ಜೊತೆಗೆ ಮುದ್ರಿಕೆಗಳೂ ಹೋಗಿದ್ದವು.

ಯಾವ ಆವೃತ್ತಿಯೂ ಶಾಶ್ವತವಲ್ಲ. ಮಾಡಿದವರು ಹಳೆಯದಕ್ಕೆಲ್ಲ ಕೊನೆಯವರೆಗೂ ತೇಪೆ ಹಾಕುತ್ತಿರಲಿ ಎಂದು ಕೇಳುವುದು ನ್ಯಾಯವೂ ಅಲ್ಲ. ಗಡುವು ಹಾಕಿದವನು, ಅಲ್ಲಿಯವರೆಗೆ ಇರುತ್ತೇನೆ ಎಂದು ಮಾತನ್ನೂ ಕೊಟ್ಟಿರುತ್ತಾನೆ; ನಮ್ಮ ಎರಡು ಭಾಷೆಗಳು ಕೂಡುವುದು ಇಲ್ಲೇ. ಕಂಪೆನಿ ತನ್ನ ಲೆಕ್ಕಾಚಾರದಿಂದ ಮುಚ್ಚಿತು, ನಾವು ಬೇಸರದಿಂದ ಮುಚ್ಚಿದೆವು. ಅವರು ದಿನವನ್ನಾದರೂ ಹೇಳಿದ್ದರು. ಪರದೆಯ ಮೇಲಿನ ಸೂಚನೆ ಓದಲಾರದ ಮುದುಕಿಯರಿಗೆ ಅದು ಎಷ್ಟು ತಲುಪಿತೋ, ಆ ಮಾತು ಬೇರೆ.

ಈಗ ಕೂಟವನ್ನು ಮತ್ತೆ ಆರಂಭಿಸಿದ್ದೇವೆ. ಈ ಸಲ 3.0ನೇ ಆವೃತ್ತಿ, ಉಬುಂಟು 22.04ರ ಮೇಲೆ, ಅದರ ಸಾಮಾನ್ಯ ಬೆಂಬಲದ ವಾಯಿದೆ 2027ರ ಏಪ್ರಿಲ್. ಗೋಡೆಯ ಕ್ಯಾಲೆಂಡರಿನಲ್ಲಿ ಅಷ್ಟು ಮುಂದಿನ ಹಾಳೆ ಇರಲಿಲ್ಲವಾದ್ದರಿಂದ ಹಾಜರಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟೆವು. ಅದರ ಕೆಳಗೆ, ಫೋನ್ ಮಾಡಿಯೇ ತಿಳಿಸಬೇಕಾದ ಹನ್ನೊಂದು ಮಂದಿಯ ಹೆಸರುಗಳಿವೆ.